ಎದುರಿಗೆ ಕುಳಿತು ಕಲಿತ ಶಂಕರಪಾಳಿ

ಗೋಕಾಕದ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಮೊನ್ನೆ ಮೊಬೈಲ್ ಹಿಡಿದುಕೊಂಡು ಬಂದು, "ಸಿಸ್ಟರ್, ನಿಮಗ ಹೆಣಿಗಿ ಬರತೈತಂತಲ್ರಿ, ಈ ಡೈಮಂಡ್ ಡಿಸೈನ್ ಒಂದೀಟು ಹೇಳಿಕೊಡ್ರಿ" ಎಂದಳು. ನೋಡಿದೆ. ಯಾವುದೋ ದೇಶದ ಹೆಂಗಸು ತನ್ನ ಸ್ವೆಟರಿನ ಎದೆ ತೋರಿಸುತ್ತ ನಿಂತಿದ್ದಳು. ಒಂದರ ತಲೆಯ ಮೇಲೊಂದು ನಿಂತ ಚೂಪು ಮೂಲೆಯ ಚೌಕಗಳು. "ಡೈಮಂಡ್ ಅಲ್ಲವ್ವಾ, ಶಂಕರಪಾಳಿ ಅದು" ಎಂದೆ. ದೀಪಾವಳಿಗೆ ಕರಿಯುವ ಶಂಕರಪಾಳಿ ಸ್ವೆಟರಿನ ಮೇಲೆ ಯಾಕೆ ಬಂತು ಎಂದು ಅವಳಿಗೆ ನಗು. ನಗುತ್ತಲೇ ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂಡಲು ಹೋದಳು.

"ಅಲ್ಲಲ್ಲ. ಬಾಜೂಕ ಬಾ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ ಏನೋ, ಪಾಪ, ಹುಡುಗಿ ಬೆಚ್ಚಿಬಿದ್ದಳು. ನನ್ನ ನಾಲಿಗೆ ಮೊದಲೇ ಬಿರುಸು, ವಾರ್ಡಿನಲ್ಲಿ ಡಾಕ್ಟರುಗಳೂ ನನ್ನ ಜೊತೆ ಜಗಳಕ್ಕೆ ಬರುವುದಿಲ್ಲ. ಆದರೆ ಬಾಜೂ ಕೂಡುವುದಕ್ಕೂ ಎದುರಿಗೆ ಕೂಡುವುದಕ್ಕೂ ನಡುವೆ ನನ್ನ ಅರ್ಧ ಆಯುಷ್ಯ ಹೋಗಿದೆ ಎಂದು ಅವಳಿಗೆ ಹೇಗೆ ಹೇಳಲಿ? ಹೇಳಲು ಕುಳಿತರೆ ಡ್ಯೂಟಿ ಮುಗಿದು ಮೂಡಲಗಿಯ ಬಸ್ಸೂ ಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಹುಕ್ಕೇರಿ ತಾಲೂಕಿನಲ್ಲಿ, ಹತ್ತರಗಿಯಿಂದ ಒಳಗೆ. ಅಪ್ಪ ಮಂದಿಯ ಹೊಲದಲ್ಲಿ ದುಡಿಯುತ್ತಿದ್ದ. ಮನೆಯ ಗೋಡೆಗೆ ಎರಡು ಫೋಟೊ ಇದ್ದವು. ಒಂದು ಬುದ್ಧನದು. ಇನ್ನೊಂದು ನೀಲಿ ಕೋಟು ತೊಟ್ಟು, ಕನ್ನಡಕ ಹಾಕಿಕೊಂಡು, ಪುಸ್ತಕ ಹಿಡಿದು ನಿಂತವರದು. ನಮ್ಮ ಓಣಿಯ ಯಾವ ಮನೆಗೆ ಹೋದರೂ ಆ ಕೋಟು ಇರುತ್ತಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಪುಸ್ತಕದ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಕೋಟಿನ ಬಗ್ಗೆ ಮಾತ್ರ ದಿನಾ ಹೇಳುತ್ತಿದ್ದ. "ಎಷ್ಟ ನೆಟ್ಟಗ ಅರಿವಿ ಹಾಕ್ಕೊಂಡ ನಿಂತಾರ ನೋಡು. ಮೈಮ್ಯಾಲಿನ ಅರಿವಿ ಚಂದ ಇದ್ರ ಮಂದಿ ಒಂದ ಗಳಿಗಿ ವಿಚಾರ ಮಾಡಿ ಮಾತಾಡ್ತಾರ. ಕೋಟ್ ಹೊಲಿಸಾಕ ನನ್ನ ಕಡೆ ಆಗಂಗಿಲ್ಲ. ಸ್ವೆಟರಾದ್ರ ನನ್ನ ಮಗಳ ಹೆಣದ ಕೊಡ್ತಾಳ" ಎನ್ನುತ್ತಿದ್ದ. ಆಗ ನನಗೆ ಹೆಣಿಗೆ ಬರುತ್ತಲೇ ಇರಲಿಲ್ಲ.

ಮೆಟ್ರಿಕ್ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದ ಬೇಸಿಗೆಯಲ್ಲಿ ಹುಕ್ಕೇರಿಯಲ್ಲೊಂದು ಹೆಣಿಗೆ ಕ್ಲಾಸು ಶುರುವಾಯಿತು. ಹೆಣ್ಣುಮಕ್ಕಳಿಗೆ ಕೈಕಸಬು ಕಲಿಸುವ ಯಾವುದೋ ಯೋಜನೆ. ನಮ್ಮ ಪೈಕಿಯ ಒಬ್ಬಳಾದರೂ ಇರಬೇಕೆಂದು ಕಾಗದದಲ್ಲಿ ಬರೆದಿತ್ತಂತೆ, ಹಾಗಾಗಿ ನನಗೆ ಜಾಗ ಸಿಕ್ಕಿತು. ಕಲಿಸುವವರನ್ನು ಊರೆಲ್ಲ ಅಕ್ಕಾರು ಎಂದೇ ಕರೆಯುತ್ತಿತ್ತು. ಪೇಟೆಯಲ್ಲಿ ಬಟ್ಟೆ ಅಂಗಡಿ ಇದ್ದ ಮನೆತನ. ಕ್ಲಾಸು ಅವರ ಮನೆಯ ಪಡಸಾಲೆಯಲ್ಲಿ. ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಬಿಟ್ಟು, "ಚಲೋತಂಗ ಕಲಿ" ಎಂದು ಹೇಳಿ ಹೋದ.

ಎಂಟು ಹುಡುಗಿಯರು ಒಳಗೆ ಜಮಖಾನೆಯ ಮೇಲೆ ಕುಳಿತಿದ್ದರು. ನಾನೂ ಒಳಗೆ ಕಾಲಿಡುವುದರಲ್ಲಿದ್ದೆ. ಅಕ್ಕಾರು ನಗುನಗುತ್ತಲೇ, "ಅಲ್ಲೇ ಕಟ್ಟಿ ಮ್ಯಾಲ ಕುಂದ್ರವಾ. ಅಲ್ಲಿ ಗಾಳಿ ಚಲೋ ಬರತೈತಿ" ಎಂದರು. ಹೊಸ್ತಿಲ ಆಚೆಯ ಕಟ್ಟೆ. ಬೈದಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆ, ಇಲ್ಲವೇ ಅತ್ತು ಮನೆಗೆ ಓಡುತ್ತಿದ್ದೆ. ಗಾಳಿ ಬರುತ್ತದೆ ಎಂದವರಿಗೆ ಏನು ಹೇಳುವುದು? ಖರೆ, ಗಾಳಿ ಬರುತ್ತಿತ್ತು. ಪಡಸಾಲೆಯ ಗೋಡೆಯ ಮೇಲೆ ಎಲ್ಲರೂ ಒಂದೇ ಎಂದು ಸಾರಿದ ಶರಣರ ಫೋಟೊ, ಅದಕ್ಕೆ ದಿನಾ ತಾಜಾ ಹೂವು. ಕಟ್ಟೆಯ ಮೇಲಿಂದ ನನಗೆ ಅದು ಸೊಗಸಾಗಿ ಕಾಣುತ್ತಿತ್ತು.

ಅಕ್ಕಾರು ಕಲಿಸುವುದರಲ್ಲಿ ಎತ್ತಿದ ಕೈ. ಅದನ್ನು ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. "ಹೆಣಿಗಿ ಕಣ್ಣಿಂದ ಬರೂದಲ್ಲ, ಕೈಯಿಂದ ಕೈಗೆ ಹೋಗಬೇಕು" ಎನ್ನುತ್ತಿದ್ದರು. ಒಬ್ಬೊಬ್ಬಳ ಬಾಜೂಕೂ ಹೋಗಿ ಕುಳಿತು, ಹಿಂದಿನಿಂದ ಕೈ ಹಾಕಿ, ಅವಳ ಬೆರಳ ಮೇಲೆ ತಮ್ಮ ಬೆರಳಿಟ್ಟು ಸೂಜಿ ನಡೆಸುತ್ತಿದ್ದರು. ನಾಲ್ಕು ಸಾಲು ಹಾಗೆ ನಡೆದರೆ ಐದನೆಯ ಸಾಲು ಹುಡುಗಿಯ ಕೈಗೆ ತಾನೇ ಬರುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ನನ್ನ ಎದುರಿಗೆ ಕುಳಿತು, "ನನ್ನ ನೋಡಿ ಮಾಡು" ಎನ್ನುತ್ತಿದ್ದರು. ನಡುವೆ ಹೊಸ್ತಿಲು. ನನಗೆ ಕಣ್ಣಷ್ಟೇ ಗತಿ.

ಹೆಣೆಯುವಾಗ ಸೂಜಿಯಿಂದ ಒಂದು ಕುಣಿಕೆ ಜಾರಿದರೆ ಅದು ಕೆಳಗೆ ಕೆಳಗೆ ಇಳಿಯುತ್ತ ಹೋಗುತ್ತದೆ. ಗೊತ್ತಿದ್ದವರು ಕೊಕ್ಕೆ ಹಾಕಿ ಅರ್ಧ ನಿಮಿಷದಲ್ಲಿ ಎತ್ತಿ ಕೂರಿಸುತ್ತಾರೆ. ಒಳಗಿನ ಹುಡುಗಿಯರದು ಜಾರಿದರೆ ಅಕ್ಕಾರು ಅವರ ಕೈಯಿಂದ ತೆಗೆದುಕೊಂಡು, ತೊಡೆಯ ಮೇಲಿಟ್ಟುಕೊಂಡು ಸರಿಮಾಡಿ ಕೊಡುತ್ತಿದ್ದರು. ನನ್ನದು ಜಾರಿದರೆ ದೂರದಿಂದಲೇ ನೋಡಿ, "ಬಿಚ್ಚು" ಎನ್ನುತ್ತಿದ್ದರು. ಅಷ್ಟೇ. ಒಂದು ಕುಣಿಕೆಗಾಗಿ ಇಪ್ಪತ್ತು ಸಾಲು ಬಿಚ್ಚುತ್ತಿದ್ದೆ. ಬೇಸಿಗೆಯ ಬೆವರಿಗೆ ಉಲನ್ ಬೆರಳಿಗೆ ಅಂಟುತ್ತಿತ್ತು, ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಬಿಚ್ಚುತ್ತಿದ್ದೆ. ಒಮ್ಮೆ ಕೈ ಹಿಡಿದು ತೋರಿಸಲಿ ಎಂದು ಆ ಬೇಸಿಗೆಯಲ್ಲಿ ಎಷ್ಟು ಬಯಸಿದೆನೋ. ಬಿಚ್ಚಿ ಬಿಚ್ಚಿಯೇ ತಪ್ಪದ ಹಾಗೆ ಹೆಣೆಯುವುದನ್ನು ಕಲಿತೆ. ಒಳಗಿನ ಎಂಟು ಜನರಿಗಿಂತ ನನ್ನ ಹೆಣಿಗೆ ಬಿಗಿಯಾಗಿತ್ತು.

ಕೊನೆಯ ಪಾಠ ಶಂಕರಪಾಳಿ. ಅದರ ಗೆರೆಗಳು ಸ್ವೆಟರಿನ ಮೇಲೆ ಎದ್ದು ನಿಲ್ಲುತ್ತವೆ. ಕೆಳಗೆ ಒಂದೇ ಕಡೆ ಹುಟ್ಟಿದ ಎರಡು ಗೆರೆ ಒಂದು ಎಡಕ್ಕೆ, ಒಂದು ಬಲಕ್ಕೆ ಹೋಗಿ, ಮತ್ತೆ ತಿರುಗಿ ಬಂದು ಮೇಲೆ ಕೂಡುತ್ತವೆ. ಕೂಡುವ ಜಾಗದಲ್ಲಿ ಒಂದು ಗೆರೆ ಇನ್ನೊಂದರ ಮೇಲೆ ಹಾಯಬೇಕು. ಹಾಗೆ ಹಾಯ್ದರೇ ಮುಂದಿನ ಶಂಕರಪಾಳಿ ಹುಟ್ಟುವುದು. ಹಾಯುವ ಆ ಮೂರು ಕುಣಿಕೆಯ ಜಾಗದಲ್ಲಿ ಬೆರಳು ಹೇಗೆ ತಿರುಗುತ್ತದೆ ಎಂಬುದೇ ಇಡೀ ವಿದ್ಯೆ. ಅಕ್ಕಾರು ಹೊಸ್ತಿಲ ಆ ಕಡೆಯಿಂದ ಎರಡು ಸಲ ತೋರಿಸಿದರು. ನೋಡಿದ ಹಾಗೆಯೇ ಮಾಡಿದೆ. ಬಂತು. ನನ್ನ ಖುಷಿಗೆ ಅವತ್ತು ನೆಲ ಕಾಣಲಿಲ್ಲ.

ಚಳಿಗಾಲಕ್ಕೆ ಅಪ್ಪನಿಗೆ ಬೂದು ಬಣ್ಣದ ಸ್ವೆಟರ್ ಹೆಣೆದೆ, ಎದೆಯ ಮೇಲೆ ಎರಡು ಸಾಲು ಶಂಕರಪಾಳಿ. ಅಪ್ಪ ಅದನ್ನು ತೊಟ್ಟು ಹುಕ್ಕೇರಿ ಸಂತೆಗೆ ಹೊರಟ. ಹೊರಟವನು ಸುಮ್ಮನೆ ಹೋಗಲಿಲ್ಲ, ನನ್ನನ್ನೂ ಕರೆದುಕೊಂಡು ಅಕ್ಕಾರ ಕಟ್ಟೆಯ ಮುಂದೆ ನಿಂತ. "ನಿಮ್ಮ ಪುಣ್ಯಾರಿ ಅಕ್ಕಾರ, ನೋಡ್ರಿ ನನ್ನ ಮಗಳ ಕೈ" ಎಂದು ಎದೆ ಮುಂದೆ ಮಾಡಿದ.

ಅಕ್ಕಾರು ನೋಡಿದರು. ಹುಬ್ಬು ಗಂಟಾಯಿತು. "ಇದು ಉಲ್ಟಾ ಆಗೇತಲ್ಲ. ಬಲಗಡೆದ ಗೆರಿ ಮ್ಯಾಲ ಬರಬೇಕು. ನೀ ಎಡಗಡೆದ ತಂದೀದಿ. ಇಲ್ಲೂ ಅಷ್ಟ, ಇಲ್ಲೂ ಅಷ್ಟ." ತೋರಿಸಲು ಬೆರಳು ಅಪ್ಪನ ಎದೆಯ ತನಕ ಬಂತು. ಒಂದು ಗೇಣು ಈಚೆಗೇ ನಿಂತಿತು.

ನನಗೆ ಅಲ್ಲೇ ತಿಳಿಯಿತು. ಎದುರಿಗೆ ಕುಳಿತವರ ಬಲಗೈ ನನ್ನ ಎಡಗೈಯ ಕಡೆ ಇರುತ್ತದೆ. ಕನ್ನಡಿ ನೋಡಿದ ಹಾಗೆ ಅವರನ್ನು ನೋಡಿ ಕಲಿತಿದ್ದೆ. ಬಾಜೂಕ ಕುಳಿತ ಎಂಟು ಜನರಲ್ಲಿ ಒಬ್ಬಳೂ ಈ ತಪ್ಪು ಮಾಡಿರಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಅಕ್ಕಾರಿಗೂ ಅದು ತಿಳಿಯಿತು, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಗಳಿಗೆ ಹೊಸ್ತಿಲನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಆಮೇಲೆ, "ಬಿಚ್ಚು" ಎಂದರು.

ಅಪ್ಪ ನಕ್ಕ. "ಮೈಮ್ಯಾಲಿನ ಅರಿವಿ ಬಿಚ್ಚಂಗಿಲ್ರಿ ಅಕ್ಕಾರ. ನನಗ ಬರೋಬ್ಬರಿ ಐತಿ." ಹಾಗೆಂದು ಸೈಕಲ್ ತಿರುಗಿಸಿದ. ಮುಂದೆ ಅಪ್ಪ ತೀರಿಕೊಂಡಾಗ ಅದೇ ಸ್ವೆಟರ್ ತೊಡಿಸಿಯೇ ಮಣ್ಣು ಮಾಡಿದೆವು.

ನಾಲ್ಕು ದಿನದ ಮೇಲೆ ಅಕ್ಕಾರು ಹೇಳಿ ಕಳಿಸಿದರು. ಹೋದೆ. ತಪ್ಪು ತಿದ್ದಲು ಕರೆದಿದ್ದಾರೆ, ಇವತ್ತಾದರೂ ಬಾಜೂಕ ಕೂರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕಟ್ಟೆಯ ಮೇಲೆ ಉಲನ್ ಚೀಲ ಇಟ್ಟರು. ಹುಕ್ಕೇರಿ, ಗೋಕಾಕ, ಬೆಳಗಾವಿಯಿಂದಲೂ ಅವರಿಗೆ ಸ್ವೆಟರ್ ಹೆಣೆದುಕೊಡುವ ಕೆಲಸ ಬರುತ್ತಿತ್ತು, ಒಂದೇ ಕೈಗೆ ಸಾಗುತ್ತಿರಲಿಲ್ಲ. "ಮನ್ಯಾಗ ಕುಂತು ಹೆಣದ ಕೊಡು. ಉಲ್ಟಾ ಇರಲಿ, ದೂರಿಂದ ಯಾರಿಗೂ ತಿಳಿಯಂಗಿಲ್ಲ. ಆದ್ರ ನೀ ಹೆಣದದ್ದು ಅಂತ ಎಲ್ಲೂ ಹೇಳಬ್ಯಾಡ. ತೊಗೊಳ್ಳಂಗಿಲ್ಲ ಮಂದಿ" ಎಂದರು. "ಮಂದಿ ಅಂದ್ರ ಯಾರ್ರಿ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಗಿನ್ನೂ ನನ್ನ ನಾಲಿಗೆ ಬಿರುಸಾಗಿರಲಿಲ್ಲ.

ಉಲನ್‌ಗೆ ಮೈಲಿಗೆ ಇಲ್ಲ ಎಂದು ಹಳೆಯ ಹೆಂಗಸರು ಹೇಳುತ್ತಾರೆ. ಎಂಥ ಅನುಕೂಲ ನೋಡಿ. ನನ್ನ ಕೈ ಮುಟ್ಟಬಾರದು, ನನ್ನ ಕೈಯಿಂದ ಬಂದ ಸ್ವೆಟರ್ ಮುಟ್ಟಬಹುದು. ಆದರೂ ಅಕ್ಕಾರಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಇದ್ದ ಹಾಗಿರಲಿಲ್ಲ. ಹೆಣೆದದ್ದು ಕೊಟ್ಟು ಬರುವಾಗ ಒಮ್ಮೆ ತಿರುಗಿ ನೋಡಿದೆ. ಮಾಳಿಗೆಯ ಮೇಲೆ ಹಗ್ಗಕ್ಕೆ ನನ್ನ ಸ್ವೆಟರ್ ಒಂದೇ ಬಿಸಿಲಿಗೆ ತೂಗುತ್ತಿತ್ತು. ಉಲನ್ ವಾಸನೆ ಹೋಗಲಿ ಎಂದಿರಬಹುದು ಅಂದುಕೊಂಡೆ. ಆಮೇಲೆ ಗಮನಿಸಿದೆ, ಅವರು ತಾವು ಹೆಣೆದದ್ದನ್ನು ಒಮ್ಮೆಯೂ ಬಿಸಿಲಿಗೆ ಹಾಕುತ್ತಿರಲಿಲ್ಲ.

ಮೂರು ಚಳಿಗಾಲ ಹೆಣೆದೆ. ಉಲ್ಟಾ ಹಾಯುವುದನ್ನು ನೆಟ್ಟಗೆ ಮಾಡಲು ನಾನೇ ಒದ್ದಾಡಿದೆ. ತಲೆಗೆ ತಿಳಿಯುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಅಕ್ಕಾರಿಗೆ ಮಾತ್ರ ಊರ ತುಂಬ ಹೆಸರು. "ನನ್ನ ಹೆಣಿಗ್ಯಾಗ ಒಂದ ಕುಣಿಕಿ ತಪ್ಪ ತೋರಸ್ರಿ, ಸೂಜಿ ಕೆಳಗ ಇಡ್ತೀನಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಕೊನೆಯದಾಗಿ ತಮ್ಮ ಸ್ವಂತ ಮಗನಿಗೊಂದು ಬೇಕೆಂದರು. ಆರು ವರ್ಷದ ಕೂಸು. ಮರೂನ್ ಬಣ್ಣ, ಎದೆಗೆ ಐದು ಶಂಕರಪಾಳಿ. ಅದನ್ನು ನಾನು ಎಷ್ಟು ಪ್ರೀತಿಯಿಂದ ಹೆಣೆದೆ ಎಂದರೆ ಈಗ ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅದು ಎರಡು ದಿನ ಬಿಸಿಲಲ್ಲಿ ಇತ್ತು.

ಆಮೇಲೆ ನರ್ಸಿಂಗ್ ಸೀಟು ಸಿಕ್ಕಿತು. ಮದುವೆಯಾಗಿ ಮೂಡಲಗಿಗೆ ಬಂದೆ, ಗೋಕಾಕದಲ್ಲಿ ನೌಕರಿ ಹಿಡಿದೆ. ಸಾವಿರಾರು ಮಂದಿಯ ಕೈ ಹಿಡಿದಿದ್ದೇನೆ, ನಾಡಿ ನೋಡಿದ್ದೇನೆ, ಹುಟ್ಟಿದ ಕೂಸುಗಳನ್ನು ಮೊದಲು ಎತ್ತಿಕೊಂಡಿದ್ದೇನೆ. ಸೂಜಿ ಚುಚ್ಚುವಾಗ ಯಾರೂ ನಾನು ಯಾವ ಪೈಕಿ ಎಂದು ಕೇಳುವುದಿಲ್ಲ.

ಎರಡು ವರ್ಷದ ಹಿಂದೆ, ಚಳಿ ಶುರುವಾಗುವ ಹೊತ್ತಿಗೆ ನಮ್ಮ ಡಾಕ್ಟರು ಒಂದು ಚೀಟಿ ಕೊಟ್ಟರು. ಗೋಕಾಕದಲ್ಲೇ ಒಂದು ಮನೆ, ಲಕ್ವಾ ಹೊಡೆದ ಮುದುಕಿ, ಬಲಗೈ ಬಿದ್ದುಹೋಗಿದೆ, ದಿನಾ ಡ್ಯೂಟಿ ಮುಗಿದ ಮೇಲೆ ಹೋಗಿ ಕೈಗೆ ಕಸರತ್ತು ಮಾಡಿಸಿ ಬರಬೇಕು. ಹೋದೆ. ಮಂಚದ ಮೇಲೆ ಅಕ್ಕಾರು. ಮಗ ಇಲ್ಲೇ ವ್ಯಾಪಾರಕ್ಕೆ ಬಂದಿದ್ದನಂತೆ, ಅವರೂ ಬಂದಿದ್ದರು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಮಾತು ನಿಧಾನ, ಆದರೆ ತಿಳಿಯುತ್ತಿತ್ತು. "ಅಕ್ಕಾರ, ನಾನ್ರಿ. ಹತ್ತರಗಿ ಕಡೆಯಾಕಿ. ನಿಮ್ಮ ಕಟ್ಟಿ ಮ್ಯಾಲ ಕುಂತು ಹೆಣಿಗಿ ಕಲತಾಕಿ" ಎಂದೆ. ನನ್ನ ಮುಖ ನೋಡಿದರು. "ಹೂಂ" ಎಂದರು. ಗುರುತು ಸಿಕ್ಕಿತ್ತು.

ಅವರ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು, ತೂಕವಿತ್ತು. ಈ ಕೈ ಹಿಡಿಯಲು ಇಷ್ಟು ವರ್ಷ ಬೇಕಾಯಿತು, ಅದೂ ಅವರ ಕೈಗೆ ಬೇಡ ಎನ್ನುವ ಶಕ್ತಿ ಹೋದ ಮೇಲೆ.

ಆ ದಿನ ಸೊಸೆ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟಳು, ಜೊತೆಗೆ ತಟ್ಟೆಯಲ್ಲಿ ಕರದಂಟು. ಮರುದಿನ ಕಾಗದದ ಕಪ್ಪು ಬಂತು. "ಬಾಂಡೆ ತೊಳಿಯಾಕಿ ಬಂದಿಲ್ರಿ ಸಿಸ್ಟರ್" ಎಂದಳು. ಅಡುಗೆಮನೆಯಲ್ಲಿ ಬಾಂಡೆ ತೊಳೆಯುವ ಸಪ್ಪಳ ಕೇಳುತ್ತಲೇ ಇತ್ತು. ಅದರ ಮರುದಿನವೂ ಕಾಗದದ ಕಪ್ಪು, ಆ ಮೇಲಿನ ದಿನಗಳೆಲ್ಲ ಕಾಗದದ ಕಪ್ಪು. ಆ ಒಂದು ರಾತ್ರಿಯಲ್ಲಿ ಅಕ್ಕಾರು ನಾನು ಯಾರು ಎಂದು ಸೊಸೆಗೆ ಹೇಳಿದ್ದರು. ಸೊಟ್ಟ ಬಾಯಿಯಲ್ಲಿ ಕಷ್ಟಪಟ್ಟು ಹೇಳಿರಬೇಕು. ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ರೋಗಿ ರೋಗಿಯೇ.

ರಬ್ಬರ್ ಚೆಂಡು ಹಿಚುಕುವ ಕಸರತ್ತು ಅಕ್ಕಾರಿಗೆ ಸೇರಲಿಲ್ಲ. "ಸೂಜಿ ತಾ" ಎಂದರು ಒಂದು ದಿನ. ನನಗೂ ಅದು ಸರಿ ಎನಿಸಿತು. ಮೂಡಲಗಿ ಪೇಟೆಯಿಂದ ದಪ್ಪ ಸೂಜಿ, ದಪ್ಪ ಉಲನ್ ತಂದೆ. ಬಾಜೂಕ ಕುಳಿತೆ. ಹಿಂದಿನಿಂದ ಕೈ ಹಾಕಿ ಅವರ ಬೆರಳ ಮೇಲೆ ನನ್ನ ಬೆರಳಿಟ್ಟು ಸೂಜಿ ನಡೆಸಿದೆ, ಅವರು ಆ ಎಂಟು ಹುಡುಗಿಯರಿಗೆ ಮಾಡುತ್ತಿದ್ದ ಹಾಗೆಯೇ. ಕುಣಿಕೆ ಜಾರಿದರೆ ನನ್ನ ತೊಡೆಯ ಮೇಲಿಟ್ಟುಕೊಂಡು ಎತ್ತಿ ಕೂರಿಸಿದೆ. ಹದಿನೈದು ದಿನ ಹೀಗೇ ನಡೆಯಿತು, ಆ ಹದಿನೈದು ದಿನ ನನಗೆ ಸುಖವಾಗಿತ್ತು. ಇವತ್ತು ಅಂದಾರು, ನಾಳೆ ಅಂದಾರು ಎಂದು ಕಾಯುತ್ತಿದ್ದೆ. ಹೆಚ್ಚೇನೂ ಬೇಕಿರಲಿಲ್ಲ. ಅವರ ಮನೆಯ ಒಬ್ಬರ ಎದುರಿಗೆ, ಈಕೆ ನನಗೆ ಹೆಣೆದುಕೊಡುತ್ತಿದ್ದಳು ಎಂದರೆ ಸಾಕಿತ್ತು.

ಜನವರಿಯ ಚಳಿಯಲ್ಲಿ ಒಂದು ಸಂಜೆ ಮೊಮ್ಮಗಳು ಓಡಿಬಂದು ಅಜ್ಜಿಯ ಮಂಚ ಹತ್ತಿದಳು. ಮೈಮೇಲೆ ಮರೂನ್ ಸ್ವೆಟರ್. ಎದೆಯ ಮೇಲೆ ಐದು ಶಂಕರಪಾಳಿ, ಪ್ರತಿಯೊಂದರ ತುದಿಯಲ್ಲೂ ಎಡಗಡೆಯ ಗೆರೆ ಮೇಲೆ. ನಾನು ಹೆಣೆದದ್ದೇ.

"ಚಂದ ಐತಲ್ರಿ ಸಿಸ್ಟರ್?" ಸೊಸೆ ಹೇಳಿದಳು. "ನಮ್ಮನಿಯವರು ಸಣ್ಣವರಿದ್ದಾಗ ಹಾಕ್ಕೊಂಡಿದ್ದಂತ. ನಮ್ಮ ಅತ್ತಿಯವರ ಕೈಕಸಬು. ಇಷ್ಟ ವರ್ಷ ಆದ್ರೂ ಒಂದ ಎಳಿ ಬಿಟ್ಟಿಲ್ಲ."

ಅಕ್ಕಾರನ್ನು ನೋಡಿದೆ. "ಹೌದೇನ್ರಿ ಅಕ್ಕಾರ?" ಎಂದೆ. ಅವರು ಸೂಜಿ ನೋಡುತ್ತಿದ್ದರು. "ಭಾಳ ವರ್ಷ ಆತು" ಎಂದರು.

ನನ್ನ ಜಾತಿ ಹೇಳಲು ಒಂದು ರಾತ್ರಿ ಸಾಕಾಗಿತ್ತು. ನನ್ನ ಕೈಕಸಬು ಹೇಳಲು ಮಾತ್ರ ಬಾಯಿ ಬರಲಿಲ್ಲ. ಮೂಡಲಗಿಯ ತನಕ ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಹೋದವಳು ಕುರ್ಚಿ ಎಳೆದು ಮಂಚದ ಎದುರಿಗೆ ಹಾಕಿಕೊಂಡೆ. "ಅಲ್ಲ್ಯಾಕ ಕುಂತಿ?" ಎಂದರು ಅಕ್ಕಾರು. "ಇಲ್ಲಿ ಗಾಳಿ ಚಲೋ ಬರತೈತ್ರಿ" ಎಂದೆ. ನನ್ನದೂ ಒಂದು ಜೊತೆ ಸೂಜಿ ತೆಗೆದು, "ನನ್ನ ನೋಡಿ ಮಾಡ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ತಿಳಿಯದವರಲ್ಲ, ತಿಳಿಯಿತು. ಸೂಜಿ ಎತ್ತಿಕೊಂಡರು.

ಕುಣಿಕೆ ಜಾರಿತು. "ಬಿಚ್ರಿ" ಎಂದೆ. ಬಿಚ್ಚಿದರು. ಮತ್ತೆ ಜಾರಿತು. "ಬಿಚ್ರಿ." ಇಂಥ ರೋಗಿಯ ಬಾಜೂಕ ಕೂಡಬೇಕು, ಮಣಿಕಟ್ಟಿಗೆ ಆಸರೆ ಕೊಡಬೇಕು. ನಾನೇ ಹತ್ತಾರು ಹುಡುಗಿಯರಿಗೆ ಇದನ್ನು ಹೇಳಿಕೊಟ್ಟವಳು. ಎಲ್ಲ ಗೊತ್ತಿದ್ದೂ ಎದುರಿಗೆ ಕುಳಿತೆ. ಆ ಕೈ ನಡುಗುವುದನ್ನು ನೋಡಿ ಒಂದೊಂದು ದಿನ ನನಗೆ ಸಮಾಧಾನವಾಗುತ್ತಿತ್ತು. ಒಂದೊಂದು ದಿನ ಮನೆಗೆ ಬಂದು ಊಟ ಸೇರುತ್ತಿರಲಿಲ್ಲ. ನಾನು ಒಳ್ಳೆಯವಳೆಂದು ತೋರಿಸಲು ಇದನ್ನು ಬರೆಯುತ್ತಿಲ್ಲ.

ಅಕ್ಕಾರದು ಹಟದ ಜೀವ. ಬಿಚ್ಚಿ ಬಿಚ್ಚಿಯೇ ಕೈ ಚೇತರಿಸಿತು. ಮಾರ್ಚ್ ಹೊತ್ತಿಗೆ ಅಂಗೈ ಅಗಲದ ಒಂದು ತುಂಡು ಹೆಣೆದರು, ಅದರಲ್ಲಿ ಎರಡು ಶಂಕರಪಾಳಿ. ನೋಡಿದೆ. ಬಲಗಡೆಯ ಗೆರೆ ಮೇಲೆ ಹಾಯ್ದಿತ್ತು. ಸರಿಯಾಗಿತ್ತು. ಹಳೆಯ ನೆನಪೇ ಕೈಗೆ ಬಂದಿರಬಹುದು. ಆದರೆ ನನಗೆ ಹೊಳೆದದ್ದು ಬೇರೆ. ಉಲ್ಟಾ ಹಾಯಿಸುವ ನನ್ನ ಕೈಯನ್ನು ಎದುರಿಗೆ ಕುಳಿತು ನೋಡಿದವರಿಗೆ ಅದು ಸೀದಾ ಬರುತ್ತದೆ. ಕಟ್ಟೆಯ ಮೇಲಿಂದ ಅವರನ್ನು ನೋಡಿ ಕಲಿತು ನಾನು ತಪ್ಪಿದೆ. ಈಗ ನನ್ನ ತಪ್ಪನ್ನು ನೋಡಿ ಕಲಿತು ಅವರು ಸರಿಯಾದರು. ಎದುರಿಗೆ ಕೂರಿಸಿದರೂ ಅವರಿಗೇ ಲಾಭ.

ಅಷ್ಟರಲ್ಲಿ ಬಿಸಿಲು ಏರಿತ್ತು. ಮಗಳ ಮರೂನ್ ಸ್ವೆಟರನ್ನು ತೊಳೆದು ಒಳಗಿಡಲು ಸೊಸೆ ಅಲ್ಲೇ ಕುಳಿತು ಮಡಚುತ್ತಿದ್ದಳು. ಅತ್ತೆಯ ತುಂಡು ಕಂಡು ಖುಷಿಯಾಗಿ ತೆಗೆದುಕೊಂಡು ಸ್ವೆಟರಿನ ಮೇಲಿಟ್ಟಳು. ಇಟ್ಟವಳ ಮುಖ ಬದಲಾಯಿತು. ಆ ಹೆಣ್ಣುಮಗಳ ಕಣ್ಣು ಚೂಪು.

"ಅತ್ತಿ, ಇಲ್ಲಿ ನೋಡ್ರಿ. ಈಗ ಹೆಣದಿದ್ದರಾಗ ಬಲಗಡೆದ ಗೆರಿ ಮ್ಯಾಲೈತಿ, ಹಳೇದರಾಗ ಎಡಗಡೆದು. ಐದಕ್ಕ ಐದೂ ಹಂಗ ಅದಾವು. ಇದ್ಯಾಕ್ರಿ ಹಿಂಗ?"

ನಾನು ಸೂಜಿ ನಿಲ್ಲಿಸಿದೆ. ಕೋಣೆಯಲ್ಲಿ ಮೂವರೇ. ಈಗ ಅಕ್ಕಾರು ಹೇಳಲೇಬೇಕು, ಬೇರೆ ದಾರಿಯೇ ಇಲ್ಲ ಎಂದುಕೊಂಡೆ. ಇದು ಈಕೆ ಹೆಣೆದದ್ದು ಎಂದರೆ ಮುಗಿಯಿತು. ಅಕ್ಕಾರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಸೊಸೆಯ ಕಡೆ.

"ಆವಾಗ ನನಗ ಸರಿ ಬರತಿದ್ದಿಲ್ಲ" ಎಂದರು. "ತಪ್ಪ ಹೆಣೀತಿದ್ನಿ."

ಸೊಸೆ ನಕ್ಕಳು. "ಇರಲಿ ಬಿಡ್ರಿ, ಈಗರ ಕಲತ್ರಲ್ಲ" ಎಂದು ಸ್ವೆಟರ್ ಎತ್ತಿಕೊಂಡು ಚಹಾ ತರಲು ಒಳಗೆ ಹೋದಳು.

ಒಂದು ಕುಣಿಕೆ ತಪ್ಪು ತೋರಿಸಿ ಎಂದು ಊರಿಗೆಲ್ಲ ಸವಾಲು ಹಾಕಿದ್ದ ಹೆಂಗಸು. ನನ್ನ ಒಂದು ತಪ್ಪನ್ನೂ ಮುಟ್ಟಿ ತಿದ್ದದವರು. ನಾನು ಹೆಣೆದದ್ದು ಎನ್ನುವುದಕ್ಕಿಂತ ನನ್ನ ತಪ್ಪನ್ನೇ ತಮ್ಮದೆಂದು ಹೊತ್ತುಕೊಳ್ಳುವುದು ಅವರಿಗೆ ಹಗುರಾಯಿತು.

ಅಕ್ಕಾರು ತಮ್ಮ ತುಂಡನ್ನು ನನ್ನ ಕಡೆ ಚಾಚಿದರು. ಕೈ ಈಗ ಅಷ್ಟು ನಡುಗುತ್ತಿರಲಿಲ್ಲ. "ಸರಿ ಐತೇನ?" ಎಂದು ಕೇಳಿದರು.

ತೆಗೆದುಕೊಳ್ಳಲಿಲ್ಲ. ದೂರದಿಂದಲೇ ನೋಡಿದೆ.

"ಸರಿ ಐತ್ರಿ. ಬಿಚ್ರಿ" ಎಂದೆ.

ಅಕ್ಕಾರು ಎಡಗೈಯಿಂದ ಸೂಜಿ ಹಿರಿದು ಬದಿಗಿಟ್ಟು, ಎಳೆಯ ತುದಿ ಹಿಡಿದು ಎಳೆಯತೊಡಗಿದರು. ಮೇಲಿನ ಶಂಕರಪಾಳಿ ಹೋಯಿತು, ಆಮೇಲೆ ಕೆಳಗಿನದು. ಸೊಸೆ ಕಾಗದದ ಕಪ್ಪಿನಲ್ಲಿ ಚಹಾ ತಂದಿಟ್ಟು, ಇದೇನು ಎನ್ನುವ ಹಾಗೆ ನಮ್ಮಿಬ್ಬರನ್ನೂ ನೋಡುತ್ತ ನಿಂತಳು. ಮೊದಲ ಸಾಲಿನ ಕೊನೆಯ ಕುಣಿಕೆ ಬಿಚ್ಚುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.